ಮೂಲೆಯ ಕೋಣೆ ಹೆಣ್ಣುಮಕ್ಕಳದು

ಆಳಂದದ ದರ್ಗಾದ ಕಡೆ ಹೋಗುವ ರಸ್ತೆಯಲ್ಲಿ ನಂದಾದೀಪ ಎಂಬ ಲಾಡ್ಜೊಂದಿದೆ. ಲಾಡ್ಜೆಂದರೆ ಭಾರೀ ಏನಲ್ಲ. ಕೆಳಗೆ ಖಾನಾವಳಿ, ನಡುವೆ ಕೋಣೆಗಳು, ಎಲ್ಲಕ್ಕೂ ಮೇಲೆ ಮಾಲೀಕರ ಮನೆ. ಇಪ್ಪತ್ನಾಲ್ಕು ತಾಸೂ ಬಿಸಿನೀರು ಎಂದು ಬೋರ್ಡಿನ ಮೇಲೆ ಬರೆದಿದೆ. ಬಿಸಿನೀರು ಬರುವುದು ಬಕೀಟಿನಲ್ಲಿ, ಅದೂ ಎರಡು ಸಲ ಕೂಗಿದ ಮೇಲೆ. ಇಂಥ ಲಾಡ್ಜಿನಲ್ಲಿ ಉರುಸಿನ ದಿನ ಒಂದು ಕೋಣೆಯನ್ನು ಗಂಡಸರಿಗೆ ಕೊಡುವುದಿಲ್ಲ. ಮೊದಲ ಮಹಡಿಯ ಮೂಲೆಯ ಕೋಣೆ. ಸೊಲ್ಲಾಪುರದ ವ್ಯಾಪಾರಿಗಳು ಎಷ್ಟೇ ಗೋಗರೆದರೂ ಮ್ಯಾನೇಜರ್ ದತ್ತಪ್ಪ ಕೈಯಲ್ಲಾಡಿಸಿಬಿಡುತ್ತಾನೆ.

"ಅದು ಹೆಣ್ಣುಮಕ್ಕಳ ಕೋಣಿ ಅದರೀ. ಬ್ಯಾರೆ ಕೇಳ್ರಿ."

ದತ್ತಪ್ಪ ಹುಟ್ಟಿನಿಂದಲೇ ಇಂಥ ದೊಡ್ಡ ಮನಸ್ಸಿನವನೆಂದು ಯಾರೂ ತಿಳಿಯಬಾರದು. ಈ ಬುದ್ಧಿ ಅವನಿಗೆ ಬಂದದ್ದು ನೆಲೋಗಿಯ ಬಳೆಗಾರ್ತಿ ಜೈತುನಬಿಯಿಂದ, ಹೋದ ವರ್ಷದ ಹಿಂದಿನ ಉರುಸಿನಲ್ಲಿ.

ಜೈತುನಬಿ ಮಣಿಯಾರರ ಮನೆಯ ಹೆಣ್ಣು. ಅಜ್ಜಿ ಬಳೆ ಮಾರಿದವಳು, ತಾಯಿ ಬಳೆ ಮಾರಿದವಳು, ಈಗ ಇವಳು. ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ಇವಳ ಕೈಗೆ ಕೈ ಕೊಡದ ಹೆಣ್ಣುಮಕ್ಕಳು ಕಡಿಮೆ. ಹೆಗಲಿಗೆ ಬಳೆಯ ಚೀಲ, ಬಾಯ್ತುಂಬ ಎಲೆ ಅಡಿಕೆ, ಅದಕ್ಕಿಂತ ಹೆಚ್ಚು ಮಾತು. ಮಾತಿಗೂ ಒಂದು ಕಾರಣವಿತ್ತು. ಬಳೆ ಇಡಿಸುವಾಗ ಹೆಣ್ಣುಮಗಳು ಅಂಜಿದರೆ ಕೈ ಬಿಗಿಯಾಗುತ್ತದೆ, ನಕ್ಕರೆ ಮೆತ್ತಗಾಗುತ್ತದೆ ಎಂದು ತಾಯಿ ಲಾಲಬಿ ಕಲಿಸಿಕೊಟ್ಟಿದ್ದಳು. ಹಾಗಾಗಿ ಜೈತುನಬಿ ಮೊದಲು ನಗಿಸುವಳು, ಆಮೇಲೆ ಇಡಿಸುವಳು. ನಗಿಸುವುದಕ್ಕೆ ಅವಳಿಗೆ ಸಾಮಗ್ರಿಯ ಕೊರತೆಯೇ ಇರಲಿಲ್ಲ, ಮನೆಯಲ್ಲಿ ಗಂಡ ಮಸೂದನಿದ್ದ.

ಮಸೂದ ದರ್ಜಿ. ಪಾಪದವನು. ಅವನಿಗಿದ್ದ ಒಂದೇ ಐಬೆಂದರೆ ಬಸ್ಸು ಕಂಡರೆ ಹೊಟ್ಟೆ ತೊಳಸುವುದು. ಮದುವೆಗೆ ಬೀಗರೆಲ್ಲ ಬಸ್ಸಿನಲ್ಲಿ ಬಂದಿಳಿದರೆ ಮದುಮಗ ಮಾತ್ರ ಬಾಸಿಂಗ ಕ್ಯಾರಿಯರಿಗೆ ಕಟ್ಟಿಕೊಂಡು ಸೈಕಲ್ ತುಳಿಯುತ್ತ ಬಂದಿದ್ದ. ಜೇವರ್ಗಿಯ ಆಚೆಗಿನ ಲೋಕವನ್ನು ಅವನು ಫೋನಿನಲ್ಲಷ್ಟೇ ಬಲ್ಲ.

ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ಜೈತುನಬಿ ಸುಮ್ಮನೆ ಕೇಳಿದಳು. "ಅಮ್ಮಾ, ನೀ ಸಣ್ಣಾಕಿದ್ದಾಗಿಂದ ಆಳಂದ ಉರುಸಿಗಿ ಹೋಗೀದಿ. ಸಂದಲ್ ಹ್ಯಾಂಗ ಇರ್ತದ ಹೇಳು."

ಲಾಲಬಿ ಮೊಣಕಾಲು ನೀವಿಕೊಂಡಳು. ಆಮೇಲೆ, "ನಾ ಎಲ್ಲಿ ನೋಡೀನಿ ಬೇ? ಮಂದಿ ಬೆನ್ನು ನೋಡೀನಿ" ಅಂದಳು.

ಮಗಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ತಾಯಿ ಕುಳ್ಳಿ ಎಂಬುದು ಗೊತ್ತಿತ್ತು, ಅದು ಇಷ್ಟು ದುಬಾರಿಯಾಗಿತ್ತೆಂಬುದು ಗೊತ್ತಿರಲಿಲ್ಲ. ಉರುಸಿನ ಹಿಂದಿನ ಸಂಜೆ ಗಂಧದ ಬಟ್ಟಲನ್ನು ತಲೆಯ ಮೇಲೆ ಹೊತ್ತು ಮೆರವಣಿಗೆಯಲ್ಲಿ ದರ್ಗಾಕ್ಕೆ ಒಯ್ಯುತ್ತಾರೆ, ಅದೇ ಸಂದಲ್. ಅದು ಬರುವ ಹೊತ್ತಿಗೆ ಲಾಲಬಿಯ ಮುಂದೆ ಯಾವಾಗಲೂ ಯಾರದೋ ಬೆನ್ನು ಎದ್ದು ನಿಲ್ಲುತ್ತಿತ್ತು. ಬೇವಿನ ಮರದ ಕೆಳಗೆ ಬಳೆ ಹರಡಿ, ಅಲ್ಲೇ ಮಲಗಿ, ಅಲ್ಲೇ ಉಂಡು, ವಾದ್ಯ ಕೇಳಿ ಕೈ ಮುಗಿದು ಬಂದವಳು ಆಕೆ. ಈಗ ಮೊಣಕಾಲು ಹೋಗಿವೆ. ಗದ್ದಲದಲ್ಲಿ ನಿಲ್ಲುವಂತಿಲ್ಲ, ನೆಲಕ್ಕೆ ಕೂತರೆ ಇಬ್ಬರು ಎಬ್ಬಿಸಬೇಕು. ಮೂರು ವರ್ಷದಿಂದ ಉರುಸಿಗೇ ಹೋಗಿರಲಿಲ್ಲ.

"ಈ ಸಲ ನೋಡ್ತಿ," ಅಂದಳು ಜೈತುನಬಿ. "ಮ್ಯಾಲಿಂದ ನೋಡ್ತಿ."

ಮೆರವಣಿಗೆಯ ದಾರಿಯಲ್ಲಿ ಗ್ಯಾಲರಿ ಇರುವ ಕೋಣೆ ಬೇಕು, ಮಂಚ ಬೇಕು. ಊರಿನವರಿಗೆ ಇದು ಹೊಸ ತಮಾಷೆಯಾಯಿತು. ದರ್ಗಾಕ್ಕೆ ಹೋಗುವವರು ದರ್ಗಾದಲ್ಲಿ ಮಲಗುತ್ತಾರೆ, ಲಾಡ್ಜಿನಲ್ಲಿ ಹೆಂಗಸರಿಗೇನು ಕೆಲಸ ಎಂದು ಕೇಳಿದವರೂ ಇದ್ದರು. ಜೈತುನಬಿ ಕಿವಿಗೆ ಹಾಕಿಕೊಳ್ಳಲಿಲ್ಲ. ಫೋನಿನಲ್ಲಿ ಮಸೂದ ಹುಲಿ; ಅವನಿಂದಲೇ ಫೋನು ಮಾಡಿಸಿ ನಂದಾದೀಪದ ಮೂಲೆಯ ಕೋಣೆ ಹಿಡಿಸಿದಳು. ಸಂದಲ್ಲಿನ ದಿನ ಬೆಳಗಿನ ಬಸ್ಸಿಗೆ ತಾಯಿ ಮಗಳು ಹೊರಟರು. ಜೇವರ್ಗಿ, ಕಲಬುರಗಿ, ಆಳಂದ, ಎಲ್ಲ ಬಸ್ಸಿನಲ್ಲೂ ಹೆಂಗಸರಿಗೆ ಪುಕ್ಕಟೆ ಟಿಕೀಟು. ಲಾಲಬಿ ಮೂರೂ ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಮಧ್ಯಾಹ್ನ ಲಾಡ್ಜಿನ ಕೌಂಟರಿಗೆ ಬಂದು ಇಬ್ಬರದೂ ಆಧಾರ್ ಕಾರ್ಡು ಇಟ್ಟರೆ, ದತ್ತಪ್ಪ ಅವರ ಹಿಂದೆ ಬಾಗಿಲ ಕಡೆ ನೋಡಿದ.

"ಮಸೂದಸಾಬ್ರು ಎಲ್ಲಿ?"

"ನೆಲೋಗ್ಯಾಗ ಅದಾರ್ರಿ. ನಾವಿಬ್ಬರೇ."

ದತ್ತಪ್ಪ ಕಾರ್ಡುಗಳನ್ನು ಮೆಲ್ಲಗೆ ವಾಪಸು ಸರಿಸಿದ. "ಗಂಡಸರಿಲ್ಲದ ಹೆಂಗಸರಿಗಿ ಕೋಣಿ ಕೊಡಂಗಿಲ್ರಿ ಅಕ್ಕಾರ. ಮಾಲೀಕರ ರೂಲು ಅದ."

"ನಮ್ಮವ್ವನ ವಯಸ್ಸು ನೋಡ್ರಿ. ಈಕಿ ಏನ್ ಓಡಿ ಹೋಗ್ತಾಳ?"

"ರೂಲು ಅಂದ್ರ ರೂಲು ರೀ."

ಜೈತುನಬಿ ಫೋನು ತೆಗೆದು ಗಂಡನಿಗೆ ಹಚ್ಚಿ ದತ್ತಪ್ಪನ ಕಿವಿಗೇ ಹಿಡಿದಳು. ಗಂಡಸು ಬೇಕಲ್ಲವೇ, ಮಾತಾಡಲಿ. ಅತ್ತ ಮಸೂದನ ದನಿ ಖಾನಾವಳಿಯವರಿಗೂ ಕೇಳಿಸಿತು. "ಮ್ಯಾನೇಜರ್ ಸಾಬ್, ಆಕಿ ಹ್ಯಾಂಗ ಹೇಳ್ತಾಳ ಹಾಂಗ ಮಾಡಿಬಿಡ್ರಿ. ನಾನೂ ಇಪ್ಪತ್ತೈದು ವರ್ಷದಿಂದ ಅದನ್ನೇ ಮಾಡಾಕತ್ತೇನಿ."

ಊಟಕ್ಕೆ ಕೂತಿದ್ದವರೆಲ್ಲ ನಕ್ಕರು. ದತ್ತಪ್ಪನಿಗೂ ನಗು ಬಂತು, ಆದರೆ ಕೋಣೆ ಬರಲಿಲ್ಲ. ಮಾಲೀಕ ಹಣಮಂತರಾಯರು ಸಂಜೆ ಬರುತ್ತಾರೆ, ಅವರನ್ನೇ ಕೇಳಿ ಎಂದ. ಸಂಜೆಗೆ ಸಂದಲ್ಲೇ ಬಂದುಬಿಡುತ್ತದೆ. ಉಳಿದ ಲಾಡ್ಜುಗಳೆಲ್ಲ ತುಂಬಿದ್ದವು. ಹೊರಗೆ ಆಗಲೇ ಜನ ರಸ್ತೆಯ ಎರಡೂ ಬದಿ ಜಾಗ ಹಿಡಿಯತೊಡಗಿದ್ದರು, ಬೆನ್ನಿಗೆ ಬೆನ್ನು ಹಚ್ಚಿ.

ಲಾಲಬಿ ಮಗಳ ಸೆರಗು ಜಗ್ಗಿದಳು. "ನಡಿ ಬೇ. ಬೇವಿನ ಗಿಡದ ಬುಡಕ ಹೋಗಮು. ವಾಜಾ ಕೇಳಿದ್ರ ಸಾಕು ನನಗ."

ಆ 'ಸಾಕು' ಜೈತುನಬಿಯ ಎದೆಗೆ ನಾಟಿತು. ಈ ಮುದುಕಿ ಜೀವಮಾನವೆಲ್ಲ ಅಂದದ್ದು ಅದೊಂದೇ ಮಾತು. ಖಾನಾವಳಿಯ ಕುರ್ಚಿಯೊಂದನ್ನು ಯಾರನ್ನೂ ಕೇಳದೆ ಎಳೆದು ತಂದು ತಾಯಿಯನ್ನು ಕೂರಿಸಿದಳು. ತಾನು ಲಾಡ್ಜಿನ ಮೆಟ್ಟಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಮಾಲೀಕರು ಬರೂತನಕ ಏಳಂಗಿಲ್ಲ," ಅಂದಳು.

ಬಳೆಗಾರ್ತಿ ಚೀಲ ಬಿಟ್ಟು ಎಲ್ಲಿಗೂ ಹೋಗುವವಳಲ್ಲ. ಅಫಜಲಪುರ ಕಡೆಯಿಂದ ಬಂದಿದ್ದ ಹೆಂಗಸೊಬ್ಬಳು ಚೀಲದ ಬಾಯಲ್ಲಿ ಹೊಳೆದ ಗಾಜು ನೋಡಿ ಬಳೆ ಕೇಳಿದಳು. ಒಬ್ಬಳಿಗೆ ಇಡಿಸುವಷ್ಟರಲ್ಲಿ ನಾಲ್ವರು ಕೂತರು. ನಾಲ್ವರಿಗೆ ಮಸೂದನ ಸೈಕಲ್ ಮದುವೆಯ ಕಥೆ ಹೇಳುವಷ್ಟರಲ್ಲಿ ಮೆಟ್ಟಿಲೆಲ್ಲ ಸೀರೆಗಳೇ. ಲಾಡ್ಜಿನ ಗಿರಾಕಿಗಳು ಒಳಗೆ ಹೋಗಲಾರದೆ, ಹೊರಗೆ ಬರಲಾರದೆ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತರು. ಬಳೆ ಇಡಿಸಿಕೊಳ್ಳುತ್ತಿರುವ ಹೆಣ್ಣುಮಗಳನ್ನು ಏಳು ಅನ್ನುವ ಧೈರ್ಯ ಯಾವ ಗಂಡಸಿಗೂ ಇರಲಿಲ್ಲ. ದತ್ತಪ್ಪ ಕೌಂಟರಿನಿಂದಲೇ ಕೈ ಹಿಸುಕಿಕೊಂಡ.

ಅಷ್ಟರಲ್ಲಿ ಮೂರನೆಯ ಮಹಡಿಯಿಂದ ಒಂದು ದನಿ ಇಳಿಯಿತು. "ಬಳಿಗಾರಾಕಿ ಬಂದಾಳೇನು? ಮ್ಯಾಲ ಕಳಸೋ ದತ್ತಪ್ಪ!"

ಅದು ಮಾಲೀಕರ ಹೆಂಡತಿ ಹೀರಾಬಾಯಿಯ ದನಿ. ಮರುದಿನ ಅವರ ಸೊಸೆ ವಿದ್ಯಾವತಿಯ ಕುಬಸ. ಏಳು ತಿಂಗಳ ಬಸುರಿಗೆ ಹೊಸ ಕುಬಸ ತೊಡಿಸಿ, ಕೈ ತುಂಬ ಹಸಿರು ಬಳೆ ಇಡಿಸಿ ಉಡಿ ತುಂಬಬೇಕು. ಬಳೆ ಹಿಂದಿನ ದಿನವೇ ಆಗಬೇಕೆಂಬುದು ಆ ಮನೆಯ ಪದ್ಧತಿ. ಆದರೆ ಊರಿನ ಬಳೆಗಾರರೆಲ್ಲ ಉರುಸಿನಲ್ಲಿ ಅಂಗಡಿ ಹಾಕಿ ಕೂತಿದ್ದರು, ಮನೆಗೆ ಬನ್ನಿ ಅಂದರೆ ಒಬ್ಬರೂ ಒಲ್ಲರು. ಬಸುರಿಯನ್ನು ಆ ಗದ್ದಲಕ್ಕೆ ಕರೆದೊಯ್ಯುವಂತೆಯೂ ಇರಲಿಲ್ಲ. ಹೀರಾಬಾಯಿಗೆ ಬೆಳಗಿನಿಂದ ಅನ್ನ ಸೇರಿರಲಿಲ್ಲ.

ಜೈತುನಬಿ ಚೀಲ ಕಟ್ಟಿಕೊಂಡು ಎದ್ದಳು. ಮೆಟ್ಟಿಲು ಹತ್ತುವಾಗ, ಕೋಣೆ ಕೊಟ್ಟರೆ ಮಾತ್ರ ಬಳೆ ಎಂದುಬಿಡಲೇ ಎಂಬ ಯೋಚನೆ ಒಮ್ಮೆ ಬಂತು. ಬಂದದ್ದಕ್ಕೆ ತನಗೇ ನಾಚಿಕೆಯಾಯಿತು. ಬಸುರಿಯ ಬಳೆಗೆ ಕರಾರು ಹಾಕುವುದೇ? ಆ ಯೋಚನೆಯನ್ನು ಅಲ್ಲೇ ಮೆಟ್ಟಿಲ ಮೇಲೆ ಬಿಟ್ಟು ಹೋದಳು.

ವಿದ್ಯಾವತಿಯ ಕೈ ನೋಡಿ ಮಾತ್ರ ಒಳಗೇ ಅಂಜಿದಳು. ಬಾತುಕೊಂಡ ಕೈ, ಗೆಣ್ಣುಗಳೇ ಕಾಣುತ್ತಿರಲಿಲ್ಲ. ಕುಬಸದ ಬಳೆ ಒಂದು ಒಡೆದರೂ ಮನೆಯವರ ಮುಖ ಬಾಡುತ್ತದೆ. ಹುಡುಗಿಗೆ ಅದೂ ಗೊತ್ತಿತ್ತು, ಮುಷ್ಟಿ ಕಲ್ಲಾಗಿತ್ತು. ಹೀರಾಬಾಯಿ ಬಾಗಿಲಲ್ಲಿ ನಿಂತು ದೇವರನ್ನು ನೆನೆಯುತ್ತಿದ್ದಳು. ಜೈತುನಬಿ ಬಿಸಿಲಿಗೆ ಕಾದ ತನ್ನ ಅಂಗೈಗಳ ನಡುವೆ ಆ ಕೈ ಇಟ್ಟುಕೊಂಡು ಶುರುಮಾಡಿದಳು.

"ಯವ್ವಾ, ನನ್ನ ಗಂಡನ ಕಥಿ ಕೇಳೀದೇನು? ಮದುವಿಗಿ ಸೈಕಲ್ ಮ್ಯಾಲ ಬಂದ, ಬಾಸಿಂಗ ಕ್ಯಾರಿಯರಿಗಿ ಕಟ್ಟಿದ್ದ, ದಾರ್ಯಾಗ ಒಂದು ಆಡು ಅದನ್ನ ತಿಂತು."

"ಬಾಸಿಂಗಾನೇ?" ವಿದ್ಯಾವತಿ ಕಣ್ಣರಳಿಸಿದಳು.

"ಹೂವಷ್ಟೂ ತಿಂತು. ದಾರ ಉಳೀತು. ಆ ದಾರಾನೇ ಕಟಗೊಂಡು ನಿಂತಿದ್ದ, ಆಡಿನಂಗ!"

ಹುಡುಗಿ ನಕ್ಕಳು. ಮೊದಲ ಬಳೆ ಗೆಣ್ಣು ದಾಟಿತು. ಆಡಿನ ಹಿಂದೆ ಕಾಜಿಯವರು ಬಂದರು, ಕಾಜಿಯವರ ಹಿಂದೆ ಸೈಕಲ್ಲಿನ ಪಂಕ್ಚರು. ಎರಡೂ ಕೈ ತುಂಬಿ ಹಸಿರಾಗುವವರೆಗೂ ಒಂದು ಬಳೆಯೂ ಒಡೆಯಲಿಲ್ಲ. ವಿದ್ಯಾವತಿ ಕೈ ಎತ್ತಿ ಅಲುಗಿಸಿದಳು. ಆ ಸಪ್ಪಳಕ್ಕೆ ಹೀರಾಬಾಯಿಯ ಕಣ್ಣಲ್ಲಿ ನೀರೇ ಬಂತು.

ಬಳೆಯ ಚೀಲಕ್ಕೆ ಅರಿಶಿನ ಕುಂಕುಮ ಏರಿಸಿ, ಅಕ್ಕಿ, ಕಾಯಿ, ಕುಬಸದ ಕಣ ಮುಂದಿಟ್ಟು, "ಊಟ ಮಾಡಿ ಹೋಗಬೇಕು ನೋಡವ್ವ" ಅಂದಳು ಹೀರಾಬಾಯಿ.

"ಉಣ್ಣಾಕ ಟೈಮಿಲ್ರಿ ಅವ್ವಾರ. ಕೆಳಗ ನಮ್ಮವ್ವ ಕುರ್ಚಿ ಮ್ಯಾಲ ಕುಂತಾಳ. ಆಕಿಗಿ ಸಂದಲ್ ತೋರಸಬೇಕು. ನಿಮ್ಮ ಲಾಡ್ಜಿನ್ಯಾಗ ಗಂಡಸರಿಲ್ಲಂದ್ರ ಕೋಣಿ ಇಲ್ಲಂತ್ರಿ."

"ಯಾರಂದ್ರು?"

"ರೂಲು ಅಂತ್ರಿ."

ಹೀರಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಲಾಡ್ಜು ಕಟ್ಟಿದಾಗಿನಿಂದ ಆಕೆ ಆ ಕೌಂಟರಿಗೆ ಇಳಿದವಳೇ ಅಲ್ಲ. ಅಂದು ಇಳಿದಳು, ಹಿಂದೆ ಜೈತುನಬಿ. ಕೆಳಗೆ ಹಣಮಂತರಾಯರು ಆಗತಾನೆ ಬಂದು, ಮೆಟ್ಟಿಲ ತುಂಬ ಕೂತ ಹೆಂಗಸರನ್ನು ನೋಡಿ ದತ್ತಪ್ಪನ ಮೇಲೆ ಹರಿಹಾಯುತ್ತಿದ್ದರು.

"ರೀ," ಅಂದಳು ಹೀರಾಬಾಯಿ, "ಟ್ಯಾಕ್ಸ್ ಕಡಿಮಿ ಆಗ್ತದಂತ ಈ ಲಾಡ್ಜ್ ಯಾರ ಹೆಸರಿಲೆ ಬರಿಸೀರಿ?"

ಹಣಮಂತರಾಯರು ಗಕ್ಕನೆ ನಿಂತರು. "ಈಗ ಅದ್ಯಾಕ? ನಿನ್ನ ಹೆಸರಿಲೆ."

"ನಾಳೆ ನಾ ಒಬ್ಬಾಕೀನೇ ಬಂದ್ರ ನನ್ನ ಲಾಡ್ಜಿನ್ಯಾಗ ನನಗ ಕೋಣಿ ಸಿಗಂಗಿಲ್ಲೇನು?"

ರಾಯರು ದತ್ತಪ್ಪನನ್ನು ನೋಡಿದರು, ದತ್ತಪ್ಪ ಫ್ಯಾನು ನೋಡಿದ. ಮೆಟ್ಟಿಲ ಮೇಲಿದ್ದ ಹೆಂಗಸರೆಲ್ಲ ಹೊಸ ಬಳೆಯ ಕೈ ಗಲ್ಲಕ್ಕಿಟ್ಟು ಉತ್ತರಕ್ಕೆ ಕಾದರು. ಕೊನೆಗೆ ರಾಯರು ಗಂಟಲು ಸರಿಮಾಡಿಕೊಂಡು, "ಮೂಲಿ ಕೋಣಿ ಕೀಲಿ ಕೊಡೋ" ಅಂದರು.

ದತ್ತಪ್ಪ ಕೀಲಿ ತೆಗೆದು ಮೇಜಿನ ಮೇಲಿಟ್ಟ. ಹೀರಾಬಾಯಿ ಅದನ್ನು ಜೈತುನಬಿಯ ಕೈಗೆ ಹಾಕಿ, "ಇದು ಇವತ್ತೊಂದಿನಕ್ಕಲ್ಲ, ಪ್ರತಿ ಉರುಸಿಗೂ ಹೆಣ್ಣುಮಕ್ಕಳ ಕೋಣಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಮೆಟ್ಟಿಲ ಮೇಲೆ ಬಳೆಗಳು ಒಮ್ಮೆಲೇ ಸದ್ದು ಮಾಡಿದವು.

ತಾಯಿಯನ್ನು ಕುರ್ಚಿಸಮೇತ ಎತ್ತಿ ಮೇಲೆ ತಂದವರು ಯಾರು ಗೊತ್ತೇ? ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ ಗಿರಾಕಿಗಳಿಬ್ಬರು, ಹಿಂದಿನಿಂದ ಆಸರೆಯಾಗಿ ದತ್ತಪ್ಪ. ಕೋಣೆ ಸಣ್ಣದು. ಮಂಚ ಅಲುಗಾಡುತ್ತಿತ್ತು, ಗೋಡೆಯ ಸುಣ್ಣ ಉದುರುತ್ತಿತ್ತು, ನಲ್ಲಿಯಲ್ಲಿ ನೀರಿಗಿಂತ ಗಾಳಿ ಹೆಚ್ಚು. ಗ್ಯಾಲರಿ ಮಾತ್ರ ನೇರ ರಸ್ತೆಯ ಮೇಲೆ. ಲಾಲಬಿಯ ಕುರ್ಚಿಯನ್ನು ಕಟಕಟೆಗೆ ಹಚ್ಚಿ ಇಟ್ಟರು. ಕೋಣೆ ಹೆಣ್ಣುಮಕ್ಕಳದೆಂದ ಮೇಲೆ ಅಫಜಲಪುರದವಳೂ ಬಂದಳು, ಹಸಿರು ಬಳೆಯ ವಿದ್ಯಾವತಿಯೂ ಅತ್ತೆಯ ಕೈ ಹಿಡಿದು ಇಳಿದು ಬಂದಳು.

ಹೊತ್ತು ಮುಳುಗುವಾಗ ವಾದ್ಯ ಕೇಳಿತು. ಲೋಬಾನದ ಹೊಗೆ ಮೊದಲು ಬಂತು, ಹಿಂದೆ ಹೂವಿನ ಚಾದರ, ಅದರ ಹಿಂದೆ ಹಸಿರು ಬಟ್ಟೆ ಹೊದಿಸಿದ ಗಂಧದ ಬಟ್ಟಲು. ಲಾಲಬಿ ಕಟಕಟೆ ಹಿಡಿದು, ಯಾರೂ ಎಬ್ಬಿಸದೆ, ತಾನೇ ಎದ್ದು ನಿಂತಳು. ಆ ಮೊಣಕಾಲುಗಳಿಗೆ ಅಷ್ಟು ಬಲ ಎಲ್ಲಿಂದ ಬಂತೋ! ಬಟ್ಟಲು ಸರಿಯಾಗಿ ಗ್ಯಾಲರಿಯ ಕೆಳಗೆ ಬಂದಾಗ ಮುದುಕಿಯ ಬಾಯಿಂದ ಹೊರಟ ಮೊದಲ ಮಾತು, "ಅಯ್ಯ, ಇಷ್ಟು ಸಣ್ಣದೇನ ಬೇ!"

ಜೈತುನಬಿ ಗಾಬರಿಯಾಗಿ ತಾಯಿಯ ಮುಖ ನೋಡಿದಳು. ಆದರೆ ತಾಯಿ ನಗುತ್ತಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಇದೂ ನನ್ನಂಗ ಸಣ್ಣದು. ಅದಕ್ಕೇ ಇಷ್ಟು ವರ್ಷ ಕಂಡಿಲ್ಲ ನೋಡು," ಎಂದು ಎರಡೂ ಕೈ ಎತ್ತಿ ಸಲಾಮು ಮಾಡಿದಳು. ಜೈತುನಬಿ ತಾಯಿಯ ಬೆನ್ನಿಗೆ ಮುಖ ಒತ್ತಿ ನಿಂತಳು. ಇಂಥ ಸಂತೋಷ ಅವಳಿಗೆ ತನ್ನ ಮದುವೆಯಲ್ಲೂ ಆಗಿರಲಿಲ್ಲ.

ಅಷ್ಟರಲ್ಲಿ ಫೋನು ಬಡಿಯಿತು, ಮಸೂದ. "ಕೋಣಿ ಸಿಕ್ತೇನು? ಅತ್ತಿ ನೋಡಿದ್ರೇನು?" ಲಾಲಬಿಯೇ ಫೋನು ಕಸಿದುಕೊಂಡು, ವಾದ್ಯದ ಸಪ್ಪಳಕ್ಕಿಂತ ಮೇಲಿನ ದನಿಯಲ್ಲಿ ಕೂಗಿದಳು.

"ನೋಡಿದ್ನೋ ಮಸೂದ! ಒಂದು ಬೆನ್ನೂ ಅಡ್ಡ ಬರಲಿಲ್ಲೋ! ಎಲ್ಲಾ ಬೆನ್ನೂ ಇವತ್ತು ನನ್ನ ಕೆಳಗ ಅದಾವ!"