ಸಾಸಿವೆ ಕಣ್ಣಿನ ಕ್ಯಾಮರಾ

ಭಿನ್ನರಾಶಿಗೆ ಹೆದರಿ ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಅದು ಉಡುಪಿಯಿಂದ ಘಾಟ್ಕೋಪರ್‌ವರೆಗೂ ನನ್ನನ್ನು ಹುಡುಕಿಕೊಂಡು ಬಂದೀತೆಂದು ಯಾರಿಗೆ ಗೊತ್ತಿತ್ತು? ಬಂತು. ಒಂದು ಪುಟ್ಟ ಡಿಜಿಟಲ್ ಕ್ಯಾಮರಾದ ಡಬ್ಬಿಯ ಬೆನ್ನೇರಿ ಬಂತು.

ಡಬ್ಬಿಯ ಮುಂದೆ ಮೆಗಾಪಿಕ್ಸೆಲ್ ಲೆಕ್ಕವನ್ನು ಪಟಾಕಿ ಅಂಗಡಿಯ ಬೋರ್ಡಿನ ಹಾಗೆ ಬರೆದಿದ್ದರು. ಒಳಗೆ ಬೆಳಕು ಹಿಡಿಯುವ ಬಿಲ್ಲೆಯಾದ ಸೆನ್ಸರಿನ ಅಳತೆಯನ್ನು ಮಾತ್ರ ಅಡಿಭಾಗದಲ್ಲಿ, ಇರುವೆ ಅಕ್ಷರದಲ್ಲಿ: 1/2.3. ಭಿನ್ನರಾಶಿಯ ಹೊಟ್ಟೆಯೊಳಗೆ ದಶಾಂಶ! ನಮ್ಮ ಲೆಕ್ಕದ ಮೇಷ್ಟ್ರು ಕೂಡ ಇಷ್ಟು ಕ್ರೂರಿಯಾಗಿರಲಿಲ್ಲ.

ನಮ್ಮ ಹೋಟೆಲಿಗೆ ದಿನಾ ಸಂಜೆ ಚಹಾಕ್ಕೆ ಬರುವ ದೇಸಾಯರು ಧಾರವಾಡದ ಕಡೆಯವರು. ಭಾನುವಾರ ದೊಡ್ಡ ಕ್ಯಾಮರಾ ಹೊತ್ತು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರಿನಲ್ಲಿ ಫ್ಲೆಮಿಂಗೋ ಹಕ್ಕಿಗಳ ಹಿಂದೆ ಅಲೆಯುವವರು. ಅವರಿಗೆ ಡಬ್ಬಿ ತೋರಿಸಿದೆ.

"ಅದು ಸೆನ್ಸರಿನ ಅಳತಿನೇ ಅಲ್ರೀ. ಹಿಂದಿನ ಕಾಲದ ಟಿವಿ ಕ್ಯಾಮರಾದಾಗ ಗಾಜಿನ ನಳಿಗಿ ಇರ್ತಿತ್ತು. ಅದರ ಹೊರಗಿನ ಅಳತಿ ಲೆಕ್ಕ ಇನ್ನೂ ನಡದದ. ಖರೇ ಸೆನ್ಸರು ನಿಮ್ಮ ಕಿರುಬೆರಳಿನ ಉಗುರಿಗಿಂತಾ ಸಣ್ಣದು."

ನೀವೇ ಹೇಳಿ, ಇದು ಯಾವ ನ್ಯಾಯ? ಇಡ್ಲಿ ಎಷ್ಟು ದೊಡ್ಡದು ಎಂದು ಗಿರಾಕಿ ಕೇಳಿದಾಗ ನಾನು ಇಡ್ಲಿ ಬೇಯಿಸುವ ಅಟ್ಟದ ಅಳತೆ ಹೇಳಿದರೆ ಅವನು ಸುಮ್ಮನಿರುತ್ತಾನೆಯೇ? ಸಾಂಬಾರಿನ ಸಮೇತ ನನ್ನ ಮೇಲೆ ಎಸೆಯುತ್ತಾನೆ. ಕ್ಯಾಮರಾ ಮಾರುವವರ ಮೇಲೆ ಯಾರೂ ಏನೂ ಎಸೆಯುವುದಿಲ್ಲ.

ನನಗೆ ಕ್ಯಾಮರಾ ಬೇಕಾದದ್ದು ಒಂದೇ ಫೋಟೋಕ್ಕೆ. ಮುಂಬಯಿಯಲ್ಲಿ ನಮ್ಮ ಕಡೆಯವರ ಹೋಟೆಲುಗಳಿಗೆ ಒಂದು ಪದ್ಧತಿ ಉಂಟು. ಗಲ್ಲಾದ ಮೇಲೆ ದೇವರು, ದೇವರ ಕೆಳಗೆ ಮಾಲೀಕ. ಮಾಲೀಕನ ಮುಖ ಮಾತ್ರ ಸ್ಪಷ್ಟ; ಹಿಂದಿನದೆಲ್ಲ ಮಂಜು ಮಂಜು. ಆ ಮಂಜಿನಲ್ಲಿ ಮನುಷ್ಯ ಹುಟ್ಟುವಾಗಲೇ ಸೇಟ್ ಆಗಿದ್ದವನಂತೆ ಕಾಣುತ್ತಾನೆ. ನನಗೂ ಆ ಮಂಜು ಬೇಕಿತ್ತು.

ಈ ಪುಟ್ಟ ಕ್ಯಾಮರಾ ಮಂಜು ಕೊಡಲೊಲ್ಲದು! ಗಲ್ಲಾದಲ್ಲಿ ನಾನು ಎಷ್ಟು ಸ್ಪಷ್ಟವೋ, ನನ್ನ ಹಿಂದಿನ ಅಡುಗೆಮನೆಯ ಸಿಲಿಂಡರೂ, ಒದ್ದೆ ಮಸಿಬಟ್ಟೆಯೂ ಅಷ್ಟೇ ಸ್ಪಷ್ಟ. ಗ್ರೈಂಡರಿನ ಎದುರು ಸೀರೆ ಎತ್ತಿಕಟ್ಟಿ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಿಂತ ನನ್ನ ಅಕ್ಕ ಗಿರಿಜಕ್ಕನೂ ಅಷ್ಟೇ ಸ್ಪಷ್ಟ. ಫೋಟೋ ತೆಗೆಯುತ್ತಿದ್ದ ಹುಡುಗನಿಗೆ ಹೇಳಿ ಕ್ಯಾಮರಾವನ್ನು ನನ್ನ ಹತ್ತಿರ ತರಿಸಿದೆ. ನನ್ನ ಮೂಗು ಬನ್ಸಿನ ಹಾಗೆ ಊದಿತೇ ಹೊರತು ಅಕ್ಕ ಕೊಂಚವೂ ಮಸುಕಾಗಲಿಲ್ಲ.

ದೇಸಾಯರು ವಿವರಿಸಿದ್ದು ನನ್ನ ತಲೆಗೆ ಹೊಕ್ಕದ್ದು ಹೀಗೆ. ಸೆನ್ಸರ್ ಸಣ್ಣದಾದರೆ ಅಷ್ಟೇ ನೋಟವನ್ನು ಅದರೊಳಗೆ ಹಿಡಿಸಲು ಲೆನ್ಸೂ ಗಿಡ್ಡವಾಗಬೇಕು. ಲೆನ್ಸ್ ಗಿಡ್ಡವಾದರೆ ಬೆಳಕು ಬರುವ ಕಿಂಡಿಯೂ ಕಿರಿದು. ಅವರ ಕ್ಯಾಮರಾ, ನನ್ನದು ಎರಡರ ಮೇಲೂ ಕಿಂಡಿಗೆ ಒಂದೇ ನಂಬರ್ ಬರೆದಿರಬಹುದು. ಆದರೆ ದೊಡ್ಡದರ ಕಿಂಡಿ ಉದ್ದಿನವಡೆಯ ತೂತಿನಷ್ಟು, ನನ್ನದರದ್ದು ಸಾಸಿವೆಯಷ್ಟು. ಕನ್ನಡಕ ಮರೆತವರು ಬಸ್ಸಿನ ಬೋರ್ಡು ಓದಲು ಕಣ್ಣು ಕಿರಿದು ಮಾಡುವುದಿಲ್ಲವೇ? ನನ್ನ ಕ್ಯಾಮರಾ ಹುಟ್ಟಾ ಹಾಗೆ ಕಣ್ಣು ಕಿರಿದು ಮಾಡಿಕೊಂಡೇ ಇರುತ್ತದೆ. ಆದ್ದರಿಂದ ಹತ್ತಿರದ್ದು, ದೂರದ್ದು ಎಲ್ಲವೂ ಅದಕ್ಕೆ ಸರಿಯಾಗಿಯೇ ಕಾಣುತ್ತದೆ.

"ಹಾಗಾದರೆ ನಿಮ್ಮ ದೊಡ್ಡದನ್ನೇ ತನ್ನಿ. ಹಿಂದಿನದೆಲ್ಲ ಕರಗಿಹೋಗಬೇಕು," ಎಂದೆ.

"ಬೆಣ್ಣಿ ಮಾಡಿ ಕೊಡ್ತೀನಿ," ಎಂದರು.

ಹಿಂದಿನದು ಎಂದರೆ ಸಿಲಿಂಡರು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಈ ಹೋಟೆಲು ಶುರುವಾದದ್ದೇ ಕುರ್ಲಾದ ಚಾಳಿನಲ್ಲಿ, ಅಕ್ಕ ರುಬ್ಬಿದ ಹಿಟ್ಟಿನಿಂದ. ಅವಳು ರುಬ್ಬುತ್ತಿದ್ದಳು, ನಾನು ಡಬ್ಬದಲ್ಲಿ ಹೊತ್ತು ಮಾರುತ್ತಿದ್ದೆ. ಅದು ಫೋಟೋದಲ್ಲಿ ಕಾಣುವುದು ನನಗೆ ಬೇಡವಾಗಿತ್ತು.

ದೇಸಾಯರು ಕ್ಯಾಮರಾ ತಂದ ದಿನ ಅಕ್ಕ ಗ್ರೈಂಡರಿನ ಹತ್ತಿರ ಹಸುರು ರೇಷ್ಮೆ ಸೀರೆ ಉಟ್ಟು ನಿಂತಿದ್ದಳು. ದೊಡ್ಡ ಕ್ಯಾಮರಾ ಬರುತ್ತದೆಂದು ಅವಳೂ ಕೇಳಿಸಿಕೊಂಡಿದ್ದಳು. ನಾನು ನೋಡಿದೆ. ನೋಡಿಯೂ ಗಲ್ಲಾದಲ್ಲಿ ಎದೆಯುಬ್ಬಿಸಿ ಕುಳಿತೆ.

ಫೋಟೋ ಬಂತು. ಅಕ್ಕ ಕೈ ಒರೆಸಿಕೊಂಡು ಬಂದು ನೋಡಿದಳು.

"ನಾನು ಎಲ್ಲಿದ್ದೇನೆ ಮಾರಾಯ? ಈ ಹಸುರು ಮುದ್ದೆಯಾ?"

"ಅದು ದೊಡ್ಡ ಸೆನ್ಸರಿನ ಗುಣ ಅಕ್ಕ. ನಾವೆಂತ ಮಾಡುದು?"

ಅವಳು ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದು ಉದ್ದು ತೊಳೆಯಲು ಕುಳಿತಳು.

ಕ್ಯಾಮರಾ ಮಾರುವವರ ಮೇಲೆ, ಭಿನ್ನರಾಶಿಯ ಮೇಲೆ, ಸಾಸಿವೆ ಕಿಂಡಿಯ ಮೇಲೆ ನಾನು ಇಷ್ಟುದ್ದ ಹಾರಾಡಿದೆನಲ್ಲ, ಆ ಸಿಟ್ಟಿನ ನಿಜವಾದ ವಿಳಾಸ ಯಾವುದೆಂದು ಆಗ ತಿಳಿಯಿತು. ಸಣ್ಣ ಕ್ಯಾಮರಾ ಮಾಡಿದ ಅಪರಾಧವೆಂದರೆ ನನ್ನ ಅಕ್ಕನನ್ನು ಅಕ್ಕನ ಹಾಗೆ ತೋರಿಸಿದ್ದು. ಆ ಫೋಟೋಕ್ಕೆ ನಾನು ಮೊಳೆ ಹೊಡೆಯಲಿಲ್ಲ. ಮರುದಿನ ಗ್ರೈಂಡರಿನ ಸದ್ದು ನಿಂತಾಗ ಒಳಗೆ ಹೋಗಿ, ಕರಗಿಸಲು ಹೇಳಿದ್ದು ನಾನೇ ಎಂದು ಒಪ್ಪಿಕೊಂಡೆ.

"ಗೊತ್ತುಂಟು," ಎಂದಳು ತಲೆ ಎತ್ತದೆ. "ಹಿಟ್ಟು ಹುಳಿ ಬಂದದ್ದು ನಂಗೆ ಗೊತ್ತಾಗುದಿಲ್ವಾ?"

"ಇನ್ನೊಂದು ಸಲ ತೆಗೆಸುವ. ನೀನು ಮುಂದೆ ಬಾ, ಗಲ್ಲಾದ ಹತ್ತಿರ ನಿಲ್ಲು."

"ನಾನ್ಯಾಕೆ ಬರ್ಬೇಕು? ಫೋಟೋ ಬೇಕಾದವ ನೀನು. ನೀನೇ ಹಿಂದೆ ಬಾ."

ಹೋದೆ. ದೇಸಾಯರು ಗಲ್ಲಾದ ಆಚೆಯಿಂದ ದೊಡ್ಡ ಕ್ಯಾಮರಾ ಹಿಡಿದು, "ಇಬ್ಬರೂ ಒಂದ ಸಾಲಿನ್ಯಾಗ ನಿಲ್ರಿ. ಒಂದ ದೂರದಾಗಿದ್ರ ಇಬ್ಬರೂ ಚಂದ ಬರ್ತೀರಿ," ಎಂದರು. ಸೆನ್ಸರ್ ಸಣ್ಣದಿರಲಿ, ದೊಡ್ಡದಿರಲಿ, ಪಕ್ಕಪಕ್ಕ ನಿಂತವರಲ್ಲಿ ಒಬ್ಬರನ್ನು ಮಾತ್ರ ಕರಗಿಸಲು ಅದಕ್ಕೆ ಬರುವುದಿಲ್ಲವಂತೆ. ಇದನ್ನು ಡಬ್ಬಿಯ ಮೇಲೆ ಯಾರಾದರೂ ಬರೆಯುತ್ತಾರೆಯೇ? ಇಲ್ಲ!

ಹಸುರು ಸೀರೆಯನ್ನು ಅಕ್ಕ ಮತ್ತೆ ಉಡಲಿಲ್ಲ. ಅಷ್ಟು ಸಿಟ್ಟನ್ನು ಅವಳು ಉಳಿಸಿಕೊಂಡಿದ್ದಾಳೆ, ಉಳಿಸಿಕೊಳ್ಳಲಿ.

ಈಗ ದೇವರ ಕೆಳಗೆ ನಾವಿಬ್ಬರೂ ಇದ್ದೇವೆ. ಅವಳ ಮೊಣಕೈಯ ಹಿಟ್ಟು, ನನ್ನ ಹೊಟ್ಟೆ ಎರಡೂ ಸ್ಪಷ್ಟ. ಮೊಳೆ ಹೊಡೆದ ದಿನ ಅಕ್ಕ ಕತ್ತು ಓರೆ ಮಾಡಿ ನೋಡಿ ಕೇಳಿದಳು:

"ಮುಂದೆ ಆ ಕಂದು ಮುದ್ದೆ ಎಂತದು?"

"ನನ್ನ ಗಲ್ಲಾ," ಎಂದೆ.

ಆಗ ಅವಳು ನಕ್ಕದ್ದು, ಚಹಾ ಕುಡಿಯುತ್ತಿದ್ದ ದೇಸಾಯರು ತಿರುಗಿ ನೋಡುವಷ್ಟು ಜೋರಾಗಿತ್ತು.