ಕರ್ತನ ಬರೋಣಕ್ಕೆ ಸಿದ್ಧರಾಗಿ ಬಾಳಿದ ನರ್ಸ್ ಸುನ್ವಾ

ಫಾರೋ ದ್ವೀಪಗಳ ಉತ್ತರದ ಊರುಗಳಲ್ಲಿ ಮನೆಮನೆಗೆ ನಡೆದು ಶುಶ್ರೂಷೆ ಮಾಡಿದ ನರ್ಸ್‌ಗಳನ್ನು ನೆನೆಯತೊಡಗಿದರೆ ಮೊದಲು ಬರುವ ಹೆಸರು ಸುನ್ವಾ ಲಾಮ್‌ಹಾವ್ಗೆ ಅವರದು. ಎರಡನೆಯದು ನನ್ನದೆಂದು ಕೆಲವರು ಸೌಜನ್ಯಕ್ಕಾಗಿ ಹೇಳುವುದುಂಟು. ನಮ್ಮ ಕ್ರೈಸ್ತ ಸಭೆಯ ಸ್ತ್ರೀಯರಿಗೆ ಪ್ರವಾದನೆಗಳನ್ನು ಬಿಡಿಸಿ ಹೇಳಿ, ಕರ್ತನು ಭೂಮಿಗೆ ಮರಳಿ ಬರುವ ಎರಡನೆಯ ಬರೋಣಕ್ಕೆ ಸಿದ್ಧವಾಗಿ ಬಾಳುವುದೆಂದರೇನೆಂದು ತಾವೇ ಬಾಳಿ ತೋರಿಸಿದವರೂ ಅವರೇ. ಅಲ್ಲಿ ಎರಡನೆಯವಳಾಗಿಯೂ ನನ್ನನ್ನು ಯಾರೂ ಎಣಿಸುವುದಿಲ್ಲ. ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಜೊತೆಗೆ ಬಹುಕಾಲ ದುಡಿದ ನಾನೇ ಬರೆಯಬೇಕೆಂದು ಈ ಅಭಿನಂದನ ಸಂಪುಟದ ಸಮಿತಿಯವರು ಕೇಳಿದರು. ನನ್ನ ತಂಗಿ ಬಿಲ್ಲಾ ಒತ್ತಾಯಿಸಿದಳು. ಹೊಟ್ಟೆಕಿಚ್ಚನ್ನು ಬಚ್ಚಿಟ್ಟು ಸುನ್ವಾ ಅವರ ಬಗ್ಗೆ ಬರೆಯಲು ನನ್ನಿಂದಾಗದೆಂದು ಇಬ್ಬರಿಗೂ ಹೇಳಿಯೇ ಒಪ್ಪಿಕೊಂಡೆ.

ಅವರು ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದಾಗ ನಾನಾಗಲೇ ಅಲ್ಲಿ ಹಳಬಳಾಗಿದ್ದೆ. ಒಂದು ಚಳಿಗಾಲ ಕಳೆಯುವಷ್ಟರಲ್ಲಿ, ನಾನು ವರ್ಷಗಟ್ಟಲೆ ಗಾಯ ತೊಳೆದು ಪಟ್ಟಿ ಕಟ್ಟಿದ ಮುದುಕರೇ "ಇವತ್ತು ಸುನ್ವಾ ಬರಲ್ವಾ?" ಎಂದು ನನ್ನ ಬೆನ್ನಿನಾಚೆ ಬಾಗಿಲ ಕಡೆ ನೋಡತೊಡಗಿದರು. ಕೆಲಸದಲ್ಲಿ ನನಗಿಂತ ಅವರು ಚುರುಕಾಗಿರಲಿಲ್ಲ. ಸೂಜಿ ಚುಚ್ಚುವುದರಲ್ಲಿ ನನ್ನ ಕೈಯೇ ಹಗುರವೆಂದು ಅವರೂ ಒಪ್ಪುತ್ತಾರೆ. ಆದರೆ ಅವರು ಯಾವ ಕೆಲಸವನ್ನೂ ನಾಳೆಗೆ ಉಳಿಸುತ್ತಿರಲಿಲ್ಲ, ಜಗಳವನ್ನಂತೂ ಉಳಿಸುತ್ತಲೇ ಇರಲಿಲ್ಲ. ಒಮ್ಮೆ ರಜೆಯ ಸರದಿಯ ವಿಷಯಕ್ಕೆ ನಮ್ಮಿಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಮನೆಗೆ ಬಂದು ನಾನಿನ್ನೂ ಬೂಟು ಬಿಚ್ಚಿರಲಿಲ್ಲ, ಬೀಸುವ ಹಿಮದಲ್ಲಿ ಅವರು ಹಿಂದೆಯೇ ಬಂದು ನಿಂತಿದ್ದರು.

"ಎಲ್ಸ್ಪಾ, ಊಟಕ್ಕೆ ಮುಂಚೆ ಕರ್ತನು ಬಂದ್ಬಿಟ್ರೆ ಇಬ್ರೂ ಮುಖ ಗಂಟು ಹಾಕ್ಕೊಂಡೇ ಎದುರು ನಿಲ್ಬೇಕಾಗುತ್ತೆ. ತಪ್ಪು ನನ್ದೇ ಅಂತ ಇಟ್ಕೋ. ಮೀನಿನ ಸಾರಿದ್ರೆ ಒಂದು ಬಟ್ಟಲು ಕೊಡು."

ಆ ಸಿಟ್ಟನ್ನು ಒಂದು ವಾರವಾದರೂ ಸವಿಯಬೇಕೆಂದುಕೊಂಡಿದ್ದೆ. ಸಾರು ಬಡಿಸಿದೆ.

ಪ್ರವಾದನೆಗಳ ಬಗೆಗಿನ ಅವರ ನಂಬಿಕೆಯಲ್ಲಿ ಸುತ್ತುಬಳಸು ಇರಲಿಲ್ಲ. ಮೊದಲ ಬರೋಣ ಪ್ರವಾದಿಗಳು ಹೇಳಿದಂತೆಯೇ, ಹೇಳಿದ ಊರಿನಲ್ಲಿಯೇ ನಡೆಯಿತು. ಎರಡನೆಯದೂ ಹೇಳಿದಂತೆಯೇ ನಡೆಯುತ್ತದೆ. ದಿನವನ್ನು ಮಾತ್ರ ಹೇಳಿಲ್ಲ, ಆದ್ದರಿಂದ ಯಾವ ದಿನವಾದರೂ ಆಗಬಹುದು. ಅವರು ಕಲಿಸಿದ್ದು ಇಷ್ಟೇ. ಇದನ್ನೇ ನಾನೂ ಬಲ್ಲೆ, ಶಾಸ್ತ್ರದ ವಾಕ್ಯಗಳು ನನಗೂ ಬಾಯಿಗೆ ಬರುತ್ತವೆ. ಬಲ್ಲದ್ದನ್ನು ನೆಮ್ಮಿ ಮಲಗಿದೊಡನೆ ನಿದ್ದೆ ಹೋಗುವ ಭಾಗ್ಯ ಅವರಿಗೆ ದಕ್ಕಿತು, ನನಗೆ ದಕ್ಕಲಿಲ್ಲ.

ಇನ್ನು ನಮ್ಮ ಮನೆಯ ಸಂಗತಿಗೆ ಬರುತ್ತೇನೆ. ಅಮ್ಮ ತೀರಿಕೊಂಡ ಮೇಲೆ ಬಿಲ್ಲಾಳನ್ನು ಸಾಕಿದವಳು ನಾನು. ನಡುವಯಸ್ಸಿಗೆ ಅವಳ ಹೃದಯದ ಕವಾಟ ಕೆಟ್ಟಿತು. ಅಕ್ಟೋಬರಿನಲ್ಲಿ ಕೋಪನ್‌ಹೇಗನ್ನಿನಲ್ಲಿ ಶಸ್ತ್ರಚಿಕಿತ್ಸೆಯೆಂದು ಗೊತ್ತಾಯಿತು. ಅದೇ ವರ್ಷದ ಬೇಸಿಗೆಯಲ್ಲಿ ಹೊರಗಿನ ಬೋಧಕನೊಬ್ಬ ನಮ್ಮೂರಿಗೆ ಬಂದು, ಪ್ರವಾದನೆಗಳಲ್ಲಿನ ವರ್ಷಗಳನ್ನು ಕೂಡಿ ಕಳೆದು, ಚಳಿಗಾಲಕ್ಕೆ ಮುಂಚೆಯೇ ಕರ್ತನು ಬರುವನೆಂದು ಸಾರಿ ಹೋದ. ಬಿಲ್ಲಾ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕರ್ತನು ಬಂದಾಗ ಹೇಗಿದ್ದರೂ ಹೊಸ ದೇಹವೇ ಸಿಗುವಾಗ ಹಳೆಯದನ್ನು ಕೊಯ್ಯಿಸಿಕೊಳ್ಳುವುದೇಕೆ ಎಂದು ಆಸ್ಪತ್ರೆಗೆ ಹೋಗಲೊಲ್ಲೆನೆಂದಳು.

ನಾನು ವಾಕ್ಯ ತೋರಿಸಿದೆ, ಅತ್ತುಬಿಟ್ಟೆ, ಗದರಿಸಿದೆ. ಹಿತ್ತಲಿನ ಆಲೂಗೆಡ್ಡೆ ಸಾಲಿನಿಂದ ಬಾಗಿಲವರೆಗೆ ಬರಲು ಎರಡು ಕಡೆ ಕೂರುತ್ತಿದ್ದವಳು ಉಸಿರು ಎಳೆದುಕೊಳ್ಳುತ್ತಲೇ ನನಗೆ ತಿರುಗಿ ಹೇಳಿದಳು: "ನಿನಗೆ ನಂಬಿಕೆ ಸಾಲ್ದು ಅಕ್ಕಾ. ನರ್ಸ್ ಆಗಿ ಆಗಿ ನಿನ್ನ ನಂಬಿಕೆಯೆಲ್ಲ ಮಾತ್ರೆ ಮೇಲೇ ನಿಂತಿದೆ."

ಸೋತ ಮೇಲೆ ಸುನ್ವಾ ಅವರನ್ನು ಕರೆದೆ. ಕರೆಯಲು ನನಗೆಷ್ಟು ಕಷ್ಟವಾಯಿತೆಂಬುದನ್ನು ಓದುಗರು ಊಹಿಸಬಲ್ಲರು. ಅವರು ಬಂದು ಅಡುಗೆಮನೆಯಲ್ಲಿ ಕೂತು ಕಾಫಿ ಕೇಳಿದರು; ಆಸ್ಪತ್ರೆಯ ಸುದ್ದಿಯನ್ನೇ ಎತ್ತಲಿಲ್ಲ. ತಡೆಯಲಾರದೆ ಬಿಲ್ಲಾಳೇ ಕೆಣಕಿದಳು.

"ನೀವೂ ಕಾಯ್ತಿಲ್ವಾ ಸುನ್ವಕ್ಕಾ?"

"ಕಾಯ್ತೀನಲ್ಲ! ಹುಡುಗಿ ಆಗಿದ್ದಾಗಿಂದ ಕಾಯ್ತಿದೀನಿ. ನಮ್ಮಪ್ಪ ದಿನಾ ಬೆಳಿಗ್ಗೆ ಕಿಟಕಿ ತೆಗೆದು 'ಇವತ್ತಿರಬಹುದು' ಅಂತಿದ್ರು. ಆಮೇಲೆ ದೋಣಿ ಕೆಲಸಕ್ಕೆ ಹೋಗ್ತಿದ್ರು. ಕಾಯ್ತಾನೇ ತೀರ್ಕೊಂಡ್ರು."

"ಬೋಧಕರು ಚಳಿಗಾಲಕ್ಕೆ ಮುಂಚೆ ಅಂದ್ರು."

"ಆ ದಿನ ಯಾರಿಗೂ ಗೊತ್ತಿಲ್ಲ ಅಂತ ಕರ್ತನೇ ಅಂದಿದ್ದಾನೆ. ಇಬ್ರಲ್ಲಿ ನಾನು ಯಾರ ಮಾತು ಕೇಳ್ಲಿ, ನೀನೇ ಹೇಳು."

ಸಣ್ಣ ದನಿಯಲ್ಲಿ ಬಿಲ್ಲಾ ಕೇಳಿದ್ದು ನನಗೆ ಇಷ್ಟು ದಿನದಲ್ಲಿ ಒಮ್ಮೆಯೂ ಹೇಳದ ಮಾತಾಗಿತ್ತು: "ನನ್ನ ಎದೆ ಬಿಚ್ಚಿ ಮಲಗಿಸಿರೋವಾಗ್ಲೇ ಆತ ಬಂದ್ಬಿಟ್ರೆ?"

"ಬರ್ಲಿ ಬಿಡು. 'ಏನಮ್ಮ ಬಿಲ್ಲಾ, ನಿನ್ನನ್ನ ಮನೇಲಿ ಹುಡುಕ್ದೆ, ಇಲ್ಲಿ ಬಂದು ಮಲಗಿದೀಯಲ್ಲ' ಅಂತ ಬೈತಾನಾ? ಸಿದ್ಧವಾಗಿರು ಅಂದ್ರೆ ಮನೇಲೇ ಕೂತಿರು ಅಂತಲ್ಲ ಕಣೇ."

ಬಿಲ್ಲಾ ನಕ್ಕಳು. ತಿಂಗಳುಗಳಿಂದ ನಾನು ಕೇಳದಿದ್ದ ನಗು ಅದು. ನಾನು ಒಲೆಯ ಪಕ್ಕದಲ್ಲೇ ನಿಂತಿದ್ದೆ, ನನ್ನ ಕಡೆ ತಿರುಗದೆಯೇ ನಕ್ಕಳು. "ಹಂಗಾದ್ರೆ ನೀವೂ ಬನ್ನಿ ಜೊತೇಲಿ" ಎಂದಳು, ಸುನ್ವಾ ಅವರಿಗೆ.

ಇಬ್ಬರು ನರ್ಸ್‌ಗಳೂ ಒಟ್ಟಿಗೆ ಊರು ಬಿಡುವಂತಿರಲಿಲ್ಲ. ಅವರು ರಜೆ ಹಾಕಿ ನನ್ನ ತಂಗಿಯೊಡನೆ ವಿಮಾನ ಹತ್ತಿದರು. ನಾನು ಅವರ ರೋಗಿಗಳನ್ನೂ ಬಿಲ್ಲಾಳ ಕುರಿಗಳನ್ನೂ ನೋಡಿಕೊಂಡೆ. ಕುರಿ ಕಡಿಯುವ ಕಾಲ ಅದು. ಮಾಂಸವನ್ನು ಚಳಿಗಾಲಕ್ಕೆ ಒಣಗಲೆಂದು ಗಾಳಿಗೆ ತೂಗುಹಾಕುತ್ತ, ತೊಡೆಗಳನ್ನೆಲ್ಲ ಒಂದೊಂದಾಗಿ ಕೊಕ್ಕೆಗೆ ಸಿಕ್ಕಿಸುತ್ತ, ಬಿಲ್ಲಾ ಬದುಕಿ ಬರಲೆಂದು ಬೇಡಿದೆ. ಕಣ್ಣು ಬಿಟ್ಟಾಗ ಅವಳು ಮೊದಲು ನೋಡುವ ಮುಖ ನನ್ನದಾಗಿರುವುದಿಲ್ಲವಲ್ಲ ಎಂಬ ಸಂಕಟವೂ ಆ ಬೇಡಿಕೆಯೊಳಗೇ ಸೇರಿಹೋಗಿತ್ತು.

ಅವಳು ಬದುಕಿ ಬಂದಳು. ಚಳಿಗಾಲವೂ ಬಂತು. ಬೋಧಕನನ್ನು ನಂಬಿದವರು ತಲೆ ಎತ್ತಲಾರದೆ ಹೋದರು. ಕೆಲವರು ಬರೋಣದ ಮಾತನ್ನೇ ಬಿಟ್ಟರು, ಒಂದೆರಡು ಮನೆಯವರು ಸಭೆಗೆ ಬರುವುದನ್ನೂ. ಗೇಲಿ ಮಾಡುವ ಹಕ್ಕು ಯಾರಿಗಾದರೂ ಇದ್ದರೆ ಸುನ್ವಾ ಅವರಿಗಿತ್ತು. ಅವರು ಆ ಮನೆಗಳಿಗೇ ರೂಬಾರ್ಬ್ ಎಂಬ ಹುಳಿದಂಟಿನ ಜಾಮ್ ಹೊತ್ತು ಹೋದರು, ರಕ್ತದೊತ್ತಡ ನೋಡುವ ನೆಪ ಮಾಡಿ ಕೂತರು. ಸ್ತ್ರೀಯರ ಕೂಟದಲ್ಲಿ ಎದ್ದು ನಿಂತು, "ದಿನ ಹೇಳಿದವನು ತಪ್ಪಿದ. ಬರ್ತೀನಿ ಅಂದವನು ತಪ್ಪಿಲ್ಲ" ಎಂದಷ್ಟೇ ಹೇಳಿ ಕೂತರು. ಬಿಟ್ಟುಹೋದ ಮನೆಯವರು ಈಸ್ಟರ್ ವೇಳೆಗೆ ಮತ್ತೆ ನಮ್ಮ ನಡುವೆ ಹಾಡುತ್ತಿದ್ದರು.

ಅಂದಿನಿಂದ ಬಿಲ್ಲಾ ಸಂತೋಷವಾದರೂ ನೋವಾದರೂ ಮೊದಲು ಫೋನ್ ಮಾಡುವುದು ಸುನ್ವಾ ಅವರಿಗೆ; ನನಗೆ ಸಿಗುವುದು ಎರಡನೆಯ ಸಲ ಹೇಳುವ ಸುದ್ದಿ. ಒಮ್ಮೆ ದೋಣಿಯಲ್ಲಿ ಜೊತೆಗೆ ಕೂತಿದ್ದಾಗ ಅವರಲ್ಲೊಂದು ಕೊರತೆ ಕಂಡೀತೆಂಬ ಆಸೆಯಿಂದಲೇ ಕೇಳಿದ್ದೆ, ಕಾದು ಕಾದು ಆಯಾಸವಾಗುವುದಿಲ್ಲವೇ ಎಂದು. "ಆಗುತ್ತಪ್ಪ" ಎಂದರು. "ಅಪ್ಪನ್ನ ಮಣ್ಣು ಮಾಡಿದ ದಿನ ಆತನ ಮೇಲೆ ಸಿಟ್ಟೇ ಬಂತು. ಇನ್ನೊಂದು ದಿನ ಮುಂಚೆ ಬರೋಕಾಗ್ಲಿಲ್ವಾ ಅಂತ. ಅದನ್ನೂ ಆತನಿಗೇ ಹೇಳ್ದೆ." ಕೊರತೆ ಸಿಕ್ಕಿತು, ಸಿಟ್ಟನ್ನೂ ಹಾಗೆ ಆತನಿಗೇ ಹೇಳಬಲ್ಲರಲ್ಲ ಎಂದು ಅದಕ್ಕೂ ನನಗೆ ಅಸೂಯೆಯೇ ಆಯಿತು.

ಕಳೆದ ವಾರ ಅವರು ಮನೆಗೆ ಬಂದಾಗ, ಕೊನೆಯಲ್ಲಿ ದೀರ್ಘಾಯುಷ್ಯ ಕೋರುವುದು ಇಂಥ ಬರಹಗಳ ಪದ್ಧತಿಯೆಂದೆ. "ಅಯ್ಯೋ, ಹಾಗೆ ಬರೀಬೇಡ ಕಣೇ, ಕರ್ತನಿಗೆ ತಡ ಮಾಡು ಅಂದ ಹಾಗಾಗುತ್ತೆ" ಎಂದು ನಕ್ಕರು. ಹೊಸದಾಗಿ ಬಂದಿರುವ ನರ್ಸ್‌ಗೆ ಮನೆಗಳ ಪರಿಚಯ ಮಾಡಿಸಲು ಸೋಮವಾರದಿಂದ ಜೊತೆಗೆ ಹೋಗುವರಂತೆ; ನಿವೃತ್ತಿಯೆಂದರೆ ಅವರಿಗೆ ಇಷ್ಟೇ.

ಅವರ ಮಾತು ಮೀರಿ ದೀರ್ಘಾಯುಷ್ಯವನ್ನೇ ಕೋರುತ್ತೇನೆ; ಅವರು ಹಿಡಿದ ಕೆಲಸ ಇನ್ನೂ ಬಹುಕಾಲ ನಡೆಯಲಿ. ಅದಕ್ಕೆ ಮೊದಲೇ ಕರ್ತನು ಬಂದರೆ ಈ ಹಾರೈಕೆ ಸಂತೋಷವಾಗಿ ಸುಳ್ಳಾಗಲಿ. ಆ ದಿನ ನನ್ನ ತಂಗಿ ಓಡಿಹೋಗಿ ಸುನ್ವಾ ಅವರ ಕೈಯನ್ನೇ ಹಿಡಿಯುತ್ತಾಳೆಂದು ನನಗೆ ಗೊತ್ತು. ನಾನು ಹಿಡಿಯಲು ಅವಳಿಗೆ ಇನ್ನೊಂದು ಕೈಯೂ ಇದೆ.