ತಮ್ಮನಿಗೆ ನಾನು ಹೇಳಿದ ಸಿನಿಮಾ ಕಥೆ

ನಾನು ಧಾರವಾಡದಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ತೊಂಬತ್ತರ ದಶಕದಲ್ಲಿ ಲಂಡನ್ನಿನ ಇಲ್ಫರ್ಡಿನಲ್ಲಿದ್ದ ನಮ್ಮ ಮನೆಗೆ ಬಂದ ತಮ್ಮ, ನನಗೆ ಇಂಗ್ಲಿಷ್ ಪೂರ್ತಿ ಬರುತ್ತದೆಂದು ತಿಳಿದಿದ್ದ. ನಾನೂ ಹಾಗೇ ನಂಬಿಸಿದ್ದೆ.

ಗೋದಾಮಿನಲ್ಲಿ ಅವನ ಜೊತೆ ದುಡಿಯುತ್ತಿದ್ದ ಜಮೈಕಾದ ಗೆಳೆಯ ಒಂದು ಹಳೆಯ ಅಮೆರಿಕನ್ ಸಿನಿಮಾದ ಕ್ಯಾಸೆಟ್ ಕೊಟ್ಟಿದ್ದ. ಇಬ್ಬರು ಕಪ್ಪು ಪೊಲೀಸರು ತಮ್ಮತಮ್ಮಲ್ಲೇ ಜಗಳಾಡುತ್ತ ಕಳ್ಳರ ಬೆನ್ನು ಹತ್ತುವ ನಗೆಚಿತ್ರ.

"ಏನಂತಾರಕ್ಕಾ?" ಎಂದು ತಮ್ಮ ಮಾತುಮಾತಿಗೆ ಕೇಳಿದ. ನನಗೆ ಒಂದೂ ತಿಳಿಯಲಿಲ್ಲ.

"ಅಣ್ಣತಮ್ಮ ಅದಾರ. ಅವ್ವನ ಮನಿ ಸಲುವಾಗಿ ಜಗಳಾ" ಎಂದೆ. ಅವನು ಬಿದ್ದುಬಿದ್ದು ನಕ್ಕ.

ಮರುದಿನ ಕೆಲಸದಿಂದ ಬಂದವನೇ, "ಅವ್ರು ಅಣ್ಣತಮ್ಮ ಅಲ್ಲಂತ ಅಕ್ಕಾ. ನಮ್ಮ ದೋಸ್ತ ಹತ್ತು ಸಲ ನೋಡ್ಯಾನಂತ" ಎಂದ.

"ಹತ್ತು ಸಲ ನೋಡಿದ್ರೂ ಅವಂಗ ತಿಳದಿಲ್ಲ ಬಿಡು" ಎಂದೆ.

ತಮ್ಮ ನನ್ನನ್ನೇ ನಂಬಿದ. ತನಗೆ ಬರುವ ನಾಲ್ಕು ಇಂಗ್ಲಿಷ್ ಮಾತಿನಲ್ಲಿ ಅದನ್ನೇ ಗೆಳೆಯನ ಮುಖಕ್ಕೆ ಹೇಳಿದ. ಗೆಳೆಯ ಕ್ಯಾಸೆಟ್ ವಾಪಸ್ ತೆಗೆದುಕೊಂಡು ಮಾತು ಬಿಟ್ಟ. ಆ ಊರಿನಲ್ಲಿ ತಮ್ಮನಿಗಿದ್ದ ಗೆಳೆಯ ಅವನೊಬ್ಬನೇ.

ಈಗಲೂ ತಮ್ಮ ನನ್ನ ಮಕ್ಕಳಿಗೆ ಆ ಕಥೆಯನ್ನು ನಾನು ಹೇಳಿದಂತೆಯೇ ಹೇಳಿ ನಗಿಸುತ್ತಾನೆ. ಆಗ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ.